ದಾಖಲಾತಿ ಪುಸ್ತಕದಲ್ಲಿಲ್ಲದ ಚರಿತ್ರೆ: ಬಾಳಿನ ನೆನಪುಗಳನ್ನು ಬರೆದಿಡುವ ಬಗೆ

ಶತಮಾನೋತ್ಸವದ ಸ್ಮರಣ ಸಂಚಿಕೆಗಾಗಿ ಶಾಲೆಯ ಚರಿತ್ರೆಯನ್ನು ಬರೆದುಕೊಡಬೇಕೆಂದು ಸಮಿತಿಯು ನಮ್ಮನ್ನು ಕೇಳಿಕೊಂಡಾಗ, ಅದು ಅಷ್ಟೇನೂ ಕಷ್ಟದ ಕೆಲಸವಲ್ಲವೆಂದೇ ನಾವು ಭಾವಿಸಿದ್ದೆವು. ಕಚೇರಿಯ ಕಪಾಟಿನಲ್ಲಿ ಹಳೆಯ ದಾಖಲಾತಿ ಪುಸ್ತಕಗಳಿದ್ದವು, ಹಾಜರಿ ಪಟ್ಟಿಗಳಿದ್ದವು, ಶಾಲಾ ತನಿಖೆಗೆ ಬಂದ ಅಧಿಕಾರಿಗಳ ಷರಾಗಳಿದ್ದವು. ಇವುಗಳನ್ನು ಓದಿ, ಸ್ಥಾಪಕರ, ಮುಖ್ಯೋಪಾಧ್ಯಾಯರ, ವ್ಯವಸ್ಥಾಪಕರ ಹೆಸರುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ, ಕಟ್ಟಡಗಳ ವಿವರ ಸೇರಿಸಿದರೆ ಚರಿತ್ರೆ ಸಿದ್ಧವಾಯಿತೆಂದು ನಮ್ಮ ಎಣಿಕೆಯಾಗಿತ್ತು.

ದಾಖಲಾತಿ ಪುಸ್ತಕವನ್ನು ತೆರೆದು ಕುಳಿತ ಮೇಲೆ ಆ ಎಣಿಕೆ ನಿಲ್ಲಲಿಲ್ಲ. ಕ್ರಮಸಂಖ್ಯೆ, ಹೆಸರು, ಪೋಷಕರ ಹೆಸರು, ಕಸುಬು, ಹುಟ್ಟಿದ ದಿನ, ಸೇರಿದ ದಿನ, ಬಿಟ್ಟ ದಿನ, ಬಿಟ್ಟ ಕಾರಣ: ಒಂದು ಮಗುವಿನ ಐದೆಂಟು ವರ್ಷಗಳ ಬಾಳು ಅಲ್ಲಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಹುಟ್ಟಿದ ದಿನದ ಕಲಮನ್ನು ನೋಡಿದರೆ ಪುಟಗಟ್ಟಲೆ ಮಕ್ಕಳು ಜೂನ್ ತಿಂಗಳ ಮೊದಲ ದಿನಗಳಲ್ಲೇ ಹುಟ್ಟಿದವರು! ಶಾಲೆ ತೆರೆಯುವ ತಿಂಗಳಿಗೆ ಸರಿಯಾಗಿ ವಯಸ್ಸು ಕೂಡಿಬರಲೆಂದು ಮಾಸ್ಟ್ರು ಬರೆದುಕೊಂಡ ಹುಟ್ಟುಹಬ್ಬಗಳವು. ಇದನ್ನೋದಿ ಮುಗುಳ್ನಗುವ ಹಿರಿಯರು ನಮ್ಮ ಓದುಗರಲ್ಲೇ ಅನೇಕರಿರಬಹುದು. ಇನ್ನು ‘ಬಿಟ್ಟ ಕಾರಣ’ವೆಂಬ ಕೊನೆಯ ಕಲಂ. ಹುಡುಗಿಯರ ಹೆಸರಿನ ಮುಂದೆ, ನಾಲ್ಕನೆಯ ಅಥವಾ ಐದನೆಯ ತರಗತಿಯ ಹಂತದಲ್ಲಿ, ಆ ಕಲಂ ಬಹುತೇಕ ಖಾಲಿ.

ಶಾಲೆಯ ಚರಿತ್ರೆಯೆಂದರೆ ಈ ಸಾಲುಗಳೇ ಆದರೆ ಅದನ್ನು ಯಾರೂ ಓದಬೇಕಾಗಿಲ್ಲ. ಸಾಲುಗಳ ಹಿಂದಿನ ಬಾಳುಗಳೇ ಚರಿತ್ರೆಯಾದರೆ ಅದನ್ನು ಇನ್ನೂ ಯಾರೂ ಬರೆದಿಲ್ಲ. ಈ ಲೇಖನವನ್ನು ನಾವು ಬರೆಯುತ್ತಿರುವುದು ಆ ಕಾರಣಕ್ಕಾಗಿ.

ನಮ್ಮಿಂದಾದ ತಪ್ಪು

ಮೊದಲು ನಾವು ಒಂದು ಅಚ್ಚಿನ ನಮೂನೆಯನ್ನು ಹಿರಿಯ ವಿದ್ಯಾರ್ಥಿಗಳಿಗೆ ಕಳುಹಿಸಿದೆವು. ‘ನಿಮ್ಮ ಜೀವನದ ಮುಖ್ಯ ಘಟನೆಗಳನ್ನು ಬರೆಯಿರಿ’ ಎಂದು ಅದರಲ್ಲಿತ್ತು. ಮರಳಿ ಬಂದ ಕಾಗದಗಳು ದಾಖಲಾತಿ ಪುಸ್ತಕಕ್ಕಿಂತ ಹೆಚ್ಚೇನನ್ನೂ ಹೇಳಲಿಲ್ಲ. ಸೇರಿದ ವರ್ಷ, ಸಿಕ್ಕಿದ ಕೆಲಸ, ನಿವೃತ್ತಿಯಾದ ವರ್ಷ, ಮಕ್ಕಳ ಸಂಖ್ಯೆ. ಒಬ್ಬ ಹಿರಿಯ ಮಹಿಳೆಯಂತೂ ನಮೂನೆಯ ತುಂಬ ಒಂದೇ ವಾಕ್ಯ ಬರೆಸಿ ಕಳುಹಿಸಿದ್ದರು: ‘ನನ್ನದು ಹೇಳುವಂಥದ್ದೇನೂ ಇಲ್ಲ.’

ನಮ್ಮಲ್ಲಿಬ್ಬರು ಅವರ ಮನೆಗೆ ಹೋದೆವು. ಶಾಲೆಯ ಹಳೆಯ ಕಟ್ಟಡದ ಒಂದು ಭಾವಚಿತ್ರ ನಮ್ಮ ಕೈಯಲ್ಲಿತ್ತು. ಜೀವನದ ಮುಖ್ಯ ಘಟನೆಗಳ ಮಾತನ್ನು ನಾವು ಎತ್ತಲಿಲ್ಲ. ಮಳೆಗಾಲದಲ್ಲಿ ಶಾಲೆಗೆ ಯಾವ ದಾರಿಯಿಂದ ಬರುತ್ತಿದ್ದಿರೆಂದಷ್ಟೇ ಕೇಳಿದೆವು. ಗದ್ದೆಯ ಹುಣಿ, ಅದು ಮುಗಿದಲ್ಲಿ ತೋಡು, ತೋಡಿಗೆ ಅಡ್ಡಲಾಗಿ ಎರಡು ಅಡಕೆ ಮರದ ಸಂಕ. ಸಂಕ ದಾಟುವಾಗ ಅಣ್ಣ ಓಲೆಕೊಡೆಯನ್ನು ತಗ್ಗಿಸಲು ಹೇಳುತ್ತಿದ್ದುದು, ಗಾಳಿಗೆ ಕೊಡೆಯೊಂದಿಗೆ ತಾನೂ ಹಾರಿಹೋದೇನೆಂಬ ಹೆದರಿಕೆ. ಚೀಲದಲ್ಲಿದ್ದ ಸಾಂತಾಣಿ ಒದ್ದೆಯಾದದ್ದು. ಸ್ಲೇಟು ಒರೆಸಲು ಗೋಡೆಯ ಬುಡದಿಂದ ಕಿತ್ತ ನೀರುಕಡ್ಡಿಯ ತಣ್ಣನೆಯ ವಾಸನೆ. ಹೇಳುವಂಥದ್ದೇನೂ ಇಲ್ಲವೆಂದವರು ಒಂದೂವರೆ ಗಂಟೆ ಮಾತನಾಡಿದರು. ಕೊನೆಗೆ, ‘ಐದನೆಯ ತರಗತಿಯಲ್ಲಿ ಶಾಲೆ ಬಿಟ್ಟದ್ದೇಕಮ್ಮ?’ ಎಂದು ಕೇಳಿದಾಗ ಕ್ಷಣಹೊತ್ತು ಸುಮ್ಮನಿದ್ದು, ‘ಅದು ದೊಡ್ಡ ಕಥೆ ಮಕ್ಕಳೇ, ಇನ್ನೊಮ್ಮೆ ಬನ್ನಿ, ಹೇಳುತ್ತೇನೆ’ ಎಂದರು.

ಮಳೆ ಕಳೆಯಲಿ, ದಾರಿ ಒಣಗಲಿ ಎಂದು ನಾವು ಕಾದೆವು. ಮಳೆಗಾಲ ಕಳೆಯುವ ಮೊದಲೇ ಅವರು ತೀರಿಕೊಂಡರು. ದಾಖಲಾತಿ ಪುಸ್ತಕದಲ್ಲಿ ಅವರ ಸಾಲಿನ ಕೊನೆಯ ಕಲಂ ಖಾಲಿಯಾಗಿಯೇ ಉಳಿಯಿತು. ಈ ತಪ್ಪು ನಮ್ಮದು. ಓದುಗರ ಮನೆಗಳಲ್ಲಿ ಇದು ಮರುಕಳಿಸದಿರಲೆಂದು ಇದನ್ನು ಮರೆಮಾಚದೆ ಹೇಳುತ್ತಿದ್ದೇವೆ.

ಮನೆ ಅಲ್ಲಿಯೇ, ವಿಳಾಸ ಬೇರೆ

ಎಲ್ಲ ಊರುಗಳಲ್ಲೂ ಹಿರಿಯರಿದ್ದಾರೆ, ಎಲ್ಲ ಹಿರಿಯರಲ್ಲೂ ನೆನಪುಗಳಿವೆ. ಕಾಸರಗೋಡಿನ ನಮಗೆ ಈ ಕೆಲಸವು ಇತರರಿಗಿಂತ ತುರ್ತಿನದಾಗಿರುವುದಕ್ಕೆ ಚಾರಿತ್ರಿಕವಾದ ಕಾರಣವಿದೆ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕೆನರಾ ಸೀಮೆ ಇಂಗ್ಲಿಷರ ವಶವಾಯಿತು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿದರೂ ದಕ್ಷಿಣ ಕನ್ನಡವು ಮದ್ರಾಸ್ ಪ್ರಾಂತ್ಯದಲ್ಲಿಯೇ ಉಳಿಯಿತು. ಕಾಸರಗೋಡು ಆ ಜಿಲ್ಲೆಯ ತೆಂಕಣ ತಾಲೂಕು. ಜಿಲ್ಲಾ ಕಚೇರಿ ಮಂಗಳೂರಿನಲ್ಲಿ. 1907ರಲ್ಲಿ ಮಂಗಳೂರಿನವರೆಗೆ ರೈಲುದಾರಿ ಬಂದ ಮೇಲಂತೂ ವ್ಯಾಜ್ಯಕ್ಕೆ, ವ್ಯಾಪಾರಕ್ಕೆ, ಮೇಲಿನ ಓದಿಗೆ ನಮ್ಮವರ ಮುಖ ಮಂಗಳೂರಿನ ಕಡೆಗೇ ಇತ್ತು. 1953ರಲ್ಲಿ ನೇಮಕವಾದ, ಫಜಲ್ ಅಲಿಯವರ ಅಧ್ಯಕ್ಷತೆಯ ರಾಜ್ಯ ಪುನರ್ವಿಂಗಡಣಾ ಆಯೋಗವು 1955ರಲ್ಲಿ ವರದಿ ಕೊಟ್ಟಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಬಹುತೇಕ ಭಾಗಗಳು ಮೈಸೂರು ರಾಜ್ಯಕ್ಕೂ ಕಾಸರಗೋಡು ತಾಲೂಕು ಕೇರಳಕ್ಕೂ ಸೇರಿದುವು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು ಮರುವರ್ಷದ ವರದಿಯಲ್ಲಿ ಚಂದ್ರಗಿರಿ ಹೊಳೆಯ ಬಡಗಣ ಭಾಗ ಮೈಸೂರಿಗೆ ಸೇರಬೇಕೆಂದು ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ಈ ಸಂಗತಿಗಳು ಪುಸ್ತಕಗಳಲ್ಲಿ ವಿವರವಾಗಿ ದೊರೆಯುವುದರಿಂದ ಇಲ್ಲಿ ಬೆಳೆಸುವುದಿಲ್ಲ.

ಪುಸ್ತಕಗಳಲ್ಲಿ ದೊರೆಯದ್ದು ಬೇರೊಂದಿದೆ. 1940ರಲ್ಲಿ ನಮ್ಮೂರಿನಲ್ಲಿ ಹುಟ್ಟಿದ ಒಬ್ಬರನ್ನು ಕಲ್ಪಿಸಿಕೊಳ್ಳೋಣ. ಅವರು ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ಹದಿನಾರನೆಯ ವಯಸ್ಸಿನಲ್ಲಿ ಅವರು ಕೇರಳದ ಮಲಬಾರ್ ಜಿಲ್ಲೆಯವರಾದರು. ಎರಡೇ ತಿಂಗಳಲ್ಲಿ, 1957ರ ಜನವರಿ 1ರಂದು ಮಲಬಾರ್ ಒಡೆದು ಮೂರಾದಾಗ ಕಣ್ಣೂರು ಜಿಲ್ಲೆಯವರಾದರು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ, 1984ರ ಮೇ 24ರಂದು, ಕಾಸರಗೋಡು ಜಿಲ್ಲೆಯವರಾದರು. ಇಷ್ಟೆಲ್ಲ ಆದದ್ದು ಹುಟ್ಟಿದ ಮನೆಯ ಮೆಟ್ಟಿಲನ್ನು ಬಿಟ್ಟು ಎಲ್ಲಿಗೂ ಹೋಗದೆ! ಅವರ ಶಾಲಾ ಪತ್ರ ಕನ್ನಡದಲ್ಲಿದೆ. ಕಾಲಕ್ರಮದಲ್ಲಿ ಕಚೇರಿಯಿಂದ ಬಂದ ಕಾಗದಗಳು ಮಲಯಾಳದಲ್ಲಿವೆ. ಮನೆಮಾತು ತುಳುವೋ, ಹವ್ಯಕ ಕನ್ನಡವೋ, ಕೊಂಕಣಿಯೋ, ಮರಾಠಿಯೋ, ಬ್ಯಾರಿಯೋ ಆಗಿರಬಹುದು. ಈ ಮೂರನ್ನೂ ಒಟ್ಟಿಗೆ ಹಿಡಿದಿರುವ ಕಡತವು ಯಾವ ಕಚೇರಿಯಲ್ಲೂ ಇಲ್ಲ. ಅದು ಅವರ ತಲೆಯಲ್ಲಿ ಮಾತ್ರ ಇದೆ. 1956ಕ್ಕೆ ಮೊದಲು ಒಂದನೆಯ ತರಗತಿಗೆ ಸೇರಿದ ನಮ್ಮ ವಿದ್ಯಾರ್ಥಿಗಳಲ್ಲಿ ಅತ್ಯಂತ ಕಿರಿಯರಿಗೂ ಈಗ ಎಪ್ಪತ್ತೈದರ ಮೇಲಾಗಿದೆ.

ಹಿರಿಯರು ಬರೆದ ದಾರಿ

ಬಾಳನ್ನು ಬರೆದಿಡುವ ರೂಢಿ ನಮ್ಮ ನಾಡಿಗೆ ಹೊಸತಲ್ಲ. ಊರಿಗಾಗಿ ಹೋರಾಡಿ ಮಡಿದವನ ಕಥೆಯನ್ನು ಕೆಲವೇ ಸಾಲುಗಳಲ್ಲಿ ಹೇಳುವ ವೀರಗಲ್ಲುಗಳು ಕನ್ನಡ ನಾಡಿನಾದ್ಯಂತ ನಿಂತಿವೆ. ತುಳುನಾಡಿನ ಪಾಡ್ದನಗಳಲ್ಲಿ ಬಹಳಷ್ಟು, ಬದುಕಿ, ಅನ್ಯಾಯಕ್ಕೆ ಗುರಿಯಾಗಿ ಕಾಯ ಬಿಟ್ಟು ಮಾಯ ಸೇರಿದವರ ಬಾಳಿನ ಕಥೆಗಳೇ. ಗದ್ದೆಯಲ್ಲಿ ನೇಜಿ ನೆಡುತ್ತ ಅವನ್ನು ತಲೆಮಾರಿನಿಂದ ತಲೆಮಾರಿಗೆ ದಾಟಿಸಿದವರು ಶಾಲೆಯ ಮುಖವನ್ನೇ ಕಾಣದ ಹೆಂಗಸರು.

ಅಚ್ಚಿನ ಕಾಲದಲ್ಲಿ ನಮ್ಮ ನೆರೆಯಲ್ಲೇ ಮಾದರಿಗಳಿವೆ. ಕೋಟ ಶಿವರಾಮ ಕಾರಂತರು ‘ಹುಚ್ಚು ಮನಸ್ಸಿನ ಹತ್ತು ಮುಖಗಳು’ ಎಂದು ತಮ್ಮ ಆತ್ಮಕಥೆಗೆ ಹೆಸರಿಟ್ಟರು. ಒಬ್ಬ ಮನುಷ್ಯನಿಗೆ ಒಂದೇ ಮುಖವಿರಬೇಕೆಂಬ ನಿಯಮವಿಲ್ಲವೆಂಬುದನ್ನು ಆ ಹೆಸರೇ ಕಲಿಸುತ್ತದೆ. ಅವರ ‘ಅಳಿದ ಮೇಲೆ’ ಕಾದಂಬರಿಯಲ್ಲಿ, ತೀರಿಕೊಂಡ ಪರಿಚಿತನೊಬ್ಬನ ಬಾಳನ್ನು ನಿರೂಪಕನು ಅವನು ಬಿಟ್ಟುಹೋದ ಬರಹಗಳಿಂದಲೂ ಅವನನ್ನು ಬಲ್ಲವರ ಮಾತುಗಳಿಂದಲೂ ಸ್ವಲ್ಪ ಸ್ವಲ್ಪವಾಗಿ ಕೂಡಿಸುತ್ತಾನೆ. ನೆನಪು ಸಂಗ್ರಹಿಸಲು ಹೊರಟವರು ಅದನ್ನೊಮ್ಮೆ ಓದಬೇಕು. ಡಿ.ವಿ. ಗುಂಡಪ್ಪನವರು ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ದೊಡ್ಡವರೊಂದಿಗೆ, ಬೇರಾವ ಪುಸ್ತಕದಲ್ಲೂ ಹೆಸರು ಕಾಣಿಸದ ಸಾಮಾನ್ಯರನ್ನೂ ಚಿತ್ರಿಸಿದರು.

ಇನ್ನು ನಮ್ಮ ನೆಲದವರೇ ಆದ ಇಬ್ಬರು. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ, ಮಣ್ಣಿನಲ್ಲಿ ದುಡಿದು, ನೂರು ವರ್ಷ ಬಾಳಿದ ಕಯ್ಯಾರ ಕಿಞ್ಞಣ್ಣ ರೈಗಳು ತಮ್ಮ ಆತ್ಮಕಥೆಯನ್ನು ‘ದುಡಿತವೇ ನನ್ನ ದೇವರು’ ಎಂದು ಕರೆದರು. ಕಾಸರಗೋಡಿನಲ್ಲಿ 1936ರಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿದ ಸಾರಾ ಅಬೂಬಕ್ಕರ್ ಅವರು ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಿಂದ ನಾಡಿಗೆಲ್ಲ ಪರಿಚಿತರಾದರು. ತಮ್ಮ ಬಾಳನ್ನು ‘ಹೊತ್ತು ಕಂತುವ ಮುನ್ನ’ ಎಂಬ ಹೆಸರಿನಲ್ಲಿ ಬರೆದರು. ತಮ್ಮ ಸಮುದಾಯದ ಹೆಣ್ಣುಮಕ್ಕಳು ಹೈಸ್ಕೂಲಿನ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಕಾಲದಲ್ಲಿ ಅವರು ಓದಿದವರು. ಆ ಹೆಸರನ್ನು ಓದುವಾಗಲೆಲ್ಲ ನಮಗೆ, ಇನ್ನೊಮ್ಮೆ ಬನ್ನಿ ಎಂದ ಆ ಹಿರಿಯರ ನೆನಪಾಗುತ್ತದೆ.

ಸಾಹಿತಿಗಳಿಗೆ ಇದು ಸರಿ, ಸಾಮಾನ್ಯರ ನೆನಪಿಗೆ ಏನು ಬೆಲೆ ಎಂದು ಕೇಳುವವರುಂಟು. ನಮ್ಮ ಜಿಲ್ಲೆಯ ಮೂಡಣ ಗ್ರಾಮಗಳ ಗೇರು ತೋಟಗಳ ಮೇಲೆ ಎರಡು ದಶಕಗಳಷ್ಟು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಸಿಂಪಡಣೆಯ ಲೆಕ್ಕ ಕಚೇರಿಯ ಪುಸ್ತಕದಲ್ಲಿತ್ತು. ಯಾವ ಮನೆಯಲ್ಲಿ ಯಾವ ವರ್ಷ ಎಂಥ ಮಗು ಹುಟ್ಟಿತು, ಜೇನ್ನೊಣಗಳು ಯಾವಾಗ ಕಾಣೆಯಾದವು, ಕೆರೆಯ ಮೀನು ಯಾವಾಗ ಸತ್ತು ತೇಲಿತು ಎಂಬುದು ತಾಯಂದಿರ, ಕೃಷಿಕರ ನೆನಪಿನಲ್ಲಿತ್ತು. ಆ ನೆನಪುಗಳನ್ನು ಕಿವಿಗೊಟ್ಟು ಕೇಳಿ ಒಂದೆಡೆ ಬರೆದಿಟ್ಟವರಿದ್ದುದರಿಂದಲೇ ಮಾತು ಊರ ಗಡಿಯನ್ನು ದಾಟಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ದೇಶದಾದ್ಯಂತ ತಡೆಯುವ ಆದೇಶ ಕೊಟ್ಟಿತು. ಸಾಮಾನ್ಯರ ನೆನಪಿನ ಬೆಲೆಯನ್ನು ಕಾಸರಗೋಡಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ನೆನಪನ್ನು ಕರೆಯುವ ಬಗೆ

ಹಲವು ಮನೆಗಳಿಗೆ ಹೋಗಿ ಬಂದ ಮೇಲೆ ನಾವು ಕಲಿತ ಮೊದಲ ಪಾಠ: ಬಾಳಿನ ಕಥೆಯನ್ನು ಹುಟ್ಟಿನಿಂದ ಆರಂಭಿಸಬಾರದು. ‘ನಾನು ಇಂಥ ವರ್ಷ ಇಂಥಲ್ಲಿ ಜನಿಸಿದೆನು’ ಎಂದು ಬರೆದವರು ಎರಡನೆಯ ಪುಟದಲ್ಲಿ ನಿಂತುಹೋಗುತ್ತಾರೆ. ಒಂದು ವಸ್ತುವಿನಿಂದ ಆರಂಭಿಸಿದವರು ನಿಲ್ಲುವುದಿಲ್ಲ. ಅಟ್ಟದ ಮೇಲಿನ ಮರದ ಪೆಟ್ಟಿಗೆ, ಅಜ್ಜಿಯ ಎಲೆಯಡಕೆಯ ತಟ್ಟೆ, ಮುಡಿ ಕಟ್ಟುವ ಬೈಹುಲ್ಲಿನ ಹಗ್ಗ, ಮುಂಬಯಿಯಿಂದ ಅಣ್ಣ ಕಳುಹಿಸಿದ ಮನಿಯಾರ್ಡರಿನ ತುಂಡು. ಹೋಟೆಲಿನಲ್ಲಿ ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದಿದವರ ಎಷ್ಟೋ ಕಥೆಗಳು ಆ ತುಂಡುಕಾಗದದ ಹಿಂಬದಿಯ ನಾಲ್ಕು ಸಾಲುಗಳಲ್ಲಿವೆ. ವಸ್ತುವನ್ನು ಹಿರಿಯರ ಕೈಗೆ ಕೊಟ್ಟು ಸುಮ್ಮನೆ ಕುಳಿತರೆ ಸಾಕು. ಮಾತು ತಾನಾಗಿ ಬರುತ್ತದೆ.

ಎರಡನೆಯದು ದಾರಿ. ಮನೆಯಿಂದ ಶಾಲೆಗೆ ಬರುತ್ತಿದ್ದ ದಾರಿಯನ್ನು ಒಂದು ಹಾಳೆಯ ಮೇಲೆ ಗೆರೆ ಎಳೆದು ತೋರಿಸಲು ಹೇಳಬೇಕು. ಯಾವ ಮನೆಯ ನಾಯಿಗೆ ಹೆದರುತ್ತಿದ್ದರು, ಯಾರ ಹಿತ್ತಲಿನ ನೆಕ್ಕರೆ ಮಾವಿನ ಹಣ್ಣಿಗೆ ಕಲ್ಲೆಸೆಯುತ್ತಿದ್ದರು, ಯಾವ ಬಾವಿಯಲ್ಲಿ ತಾವೇ ನೀರು ಸೇದಬಹುದಿತ್ತು, ಯಾವ ಅಂಗಳದ ಹೊರಗೆ ನಿಂತು ಕೇಳಬೇಕಿತ್ತು: ಒಂದು ಊರಿನ ಸಾಮಾಜಿಕ ಚರಿತ್ರೆಯೇ ಆ ಗೆರೆಯ ಇಕ್ಕೆಲಗಳಲ್ಲಿ ಬಿಚ್ಚಿಕೊಳ್ಳುತ್ತದೆ. ನಮಗೆ ಅಂಥ ಒಂಬತ್ತು ಗೆರೆಚಿತ್ರಗಳು ದೊರೆತವು. ಒಂದೇ ಊರಿನ, ಒಂದೇ ಕಾಲದ ಒಂಬತ್ತು ದಾರಿಗಳು. ಎರಡರಲ್ಲಿ ಮಾತ್ರ ದೇವಸ್ಥಾನದ ಎದುರಿನ ಹಾದಿಯಿರಲಿಲ್ಲ. ಆ ಮಕ್ಕಳು ಗುಡ್ಡ ಸುತ್ತಿ ಬರುತ್ತಿದ್ದರು. ಯಾಕೆಂದು ನಾವು ಕೇಳಬೇಕಾಗಿರಲಿಲ್ಲ. ಆದರೂ ಕೇಳಿದೆವು, ಅವರು ಹೇಳಿದರು.

ವರ್ಷ ತಿಳಿಯದಿದ್ದರೆ

‘ಅದು ಯಾವ ವರ್ಷ?’ ಎಂದು ಕೇಳಿದರೆ ಹಿರಿಯರು ತಡವರಿಸುತ್ತಾರೆ. ಎಲ್ಲರೂ ಬಲ್ಲ ಘಟನೆಯೊಂದರ ಪಕ್ಕದಲ್ಲಿಟ್ಟು ಕೇಳಿದರೆ ಉತ್ತರ ಸಿಗುತ್ತದೆ. ಗಾಂಧೀಜಿಯವರು ತೀರಿಕೊಂಡ ಸುದ್ದಿ ಬಂದಾಗ (1948ರ ಜನವರಿ) ನೀವು ಶಾಲೆಗೆ ಸೇರಿದ್ದಿರಾ? ನೆಹರೂ ತೀರಿಕೊಂಡಾಗ (1964ರ ಮೇ) ಮದುವೆಯಾಗಿತ್ತೇ? ಸ್ಕೈಲ್ಯಾಬ್ ತಲೆಯ ಮೇಲೆ ಬೀಳುತ್ತದೆಂದು ಹೆದರಿದ ಮಳೆಗಾಲ (1979ರ ಜುಲೈ), ಬಾಗಿಲು ಮುಚ್ಚಿ ಒಳಗೆ ಕುಳಿತ ದೊಡ್ಡ ಸೂರ್ಯಗ್ರಹಣ (1980ರ ಫೆಬ್ರವರಿ 16): ಇವು ಕಾಲದ ಮೈಲಿಗಲ್ಲುಗಳು. ಇವುಗಳ ಹಿಂದೆ ಮುಂದೆ ಮನೆಯ ಘಟನೆಗಳನ್ನು ನಿಲ್ಲಿಸುತ್ತ ಹೋಗಬಹುದು. ಹಳೆಯ ಪಂಚಾಂಗದ ಅಂಚಿನಲ್ಲಿ ಬರೆದ ಮಗುವಿನ ಹುಟ್ಟು, ತೀರ್ವೆಯ ರಶೀದಿ, ಲಗ್ನಪತ್ರಿಕೆ, ಪಡಿತರ ಚೀಟಿ ಇವುಗಳೊಂದಿಗೆ ತಾಳೆ ನೋಡಿದರೆ ವರ್ಷ ಖಚಿತವಾಗುತ್ತದೆ. ಶಾಸನಗಳ ಕಾಲನಿರ್ಣಯಕ್ಕಾಗಿ ಮಂಜೇಶ್ವರದ ಗೋವಿಂದ ಪೈಗಳು ಪಟ್ಟ ಶ್ರಮದ ಒಂದು ಪಾಲನ್ನಾದರೂ ನಮ್ಮ ಅಜ್ಜ ಅಜ್ಜಿಯರ ಬಾಳಿಗಾಗಿ ನಾವು ಪಡಬಾರದೆ?

ತಾಳೆ ನೋಡುವಾಗ ಹಿರಿಯರ ಮಾತನ್ನು ಅವಸರದಿಂದ ತಳ್ಳಿಹಾಕಬಾರದು. ಎಂಬತ್ತರ ಆಸುಪಾಸಿನ ಹಿರಿಯರೊಬ್ಬರು, ‘ಒಂದು ವರ್ಷ ನಾವು ಅರ್ಧ ದಿನ ಮಾತ್ರ ಶಾಲೆಗೆ ಹೋದದ್ದು’ ಎಂದರು. ಮನೆಯವರು, ‘ಅಜ್ಜನಿಗೆ ಈಗ ಎಲ್ಲ ಕಲಸಿಹೋಗುತ್ತದೆ’ ಎಂದು ನಕ್ಕರು. ಅಜ್ಜನಿಗೆ ಏನೂ ಕಲಸಿಹೋಗಿರಲಿಲ್ಲ. 1953ರಲ್ಲಿ ರಾಜಾಜಿಯವರ ಮದ್ರಾಸ್ ಸರಕಾರವು ಗ್ರಾಮೀಣ ಪ್ರಾಥಮಿಕ ಶಾಲೆಗಳಲ್ಲಿ ದಿನಕ್ಕೆ ಮೂರು ಗಂಟೆಗಳ ಪಾಠ, ಉಳಿದ ಹೊತ್ತು ಮನೆಯ ಕಸುಬು ಎಂಬ ವ್ಯವಸ್ಥೆಯನ್ನು ತಂದಿತ್ತು. ಕುಲಕಸುಬಿಗೆ ಮಕ್ಕಳನ್ನು ಕಟ್ಟಿಹಾಕುವ ಯೋಜನೆಯೆಂದು ತೀವ್ರ ವಿರೋಧ ಬಂದು ಮರುವರ್ಷವೇ ಅದು ರದ್ದಾಯಿತು. ಮೊಮ್ಮಕ್ಕಳು ನಕ್ಕ ಮಾತು, ಮದ್ರಾಸ್ ಪ್ರಾಂತ್ಯದ ಶಿಕ್ಷಣ ಚರಿತ್ರೆಯ ಒಂದು ಅಧ್ಯಾಯಕ್ಕೆ ನಮ್ಮೂರಿನ ಸಾಕ್ಷ್ಯವಾಗಿತ್ತು.

ಕೆಲವೊಮ್ಮೆ ನೆನಪು ನಿಜವಾಗಿಯೂ ತಪ್ಪುತ್ತದೆ. ‘ಕೇರಳವಾದಾಗ ಆಣೆ ಹೋಗಿ ನಯಾಪೈಸೆ ಬಂತು’ ಎಂದು ಮೂವರು ಹಿರಿಯರು ಬೇರೆ ಬೇರೆಯಾಗಿ ನಮಗೆ ಹೇಳಿದರು. ಕೇರಳವಾದದ್ದು 1956ರ ನವೆಂಬರಿನಲ್ಲಿ. ನಯಾಪೈಸೆ ಬಂದದ್ದು 1957ರ ಏಪ್ರಿಲ್ 1ರಂದು, ದೇಶಕ್ಕೆಲ್ಲ ಒಟ್ಟಿಗೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಆದರೆ ಹತ್ತು ವರ್ಷದ ಮಗುವಿಗೆ ಎರಡೂ ಒಂದೇ ಅನುಭವ: ಅರ್ಧ ವರ್ಷದೊಳಗೆ ರಾಜ್ಯವೂ ಬದಲಾಯಿತು, ಅಂಗಡಿಯ ಲೆಕ್ಕವೂ ಬದಲಾಯಿತು, ಬಾಯಿಪಾಠ ಮಾಡಿದ ಹದಿನಾರಾಣೆಯ ಮಗ್ಗಿ ಕೆಲಸಕ್ಕೆ ಬಾರದಾಯಿತು. ಇಂಥಲ್ಲಿ ಹಿರಿಯರ ಮಾತನ್ನು ಹೇಳಿದಂತೆಯೇ ಬರೆದು, ಸರಿಯಾದ ದಿನಾಂಕವನ್ನು ಕೆಳಗೆ ಬೇರೆಯಾಗಿ ಕೊಡಬೇಕು. ಅವರ ವಾಕ್ಯವನ್ನು ತಿದ್ದಿದರೆ ದಿನಾಂಕ ಉಳಿಯುತ್ತದೆ, ಅನುಭವ ಅಳಿಸಿಹೋಗುತ್ತದೆ.

ಒಂದೇ ಬೆಂಚಿನ ಎರಡು ನೆನಪು

ನಮ್ಮ ಸಂಗ್ರಹದಲ್ಲಿ ಬಹಳ ಯೋಚನೆಗೆ ಹಚ್ಚಿದ್ದು ಭೂಮಿಯ ವಿಷಯ. ಮೂಲಗೇಣಿ, ಚಾಲಗೇಣಿಗಳು ದಕ್ಷಿಣ ಕನ್ನಡದ ಹಳೆಯ ಪದ್ಧತಿಗಳು. ಕೇರಳದ ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1970ರ ಜನವರಿ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿ ಕೊನೆಗೊಂಡಿತು. ಉಳುತ್ತಿದ್ದ ಒಕ್ಕಲು ಭೂಮಿಯ ಒಡೆಯನಾಗುವ ದಾರಿ ತೆರೆಯಿತು. ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತಿದ್ದ ಇಬ್ಬರು ಸಹಪಾಠಿಗಳು ಇದನ್ನು ನಮಗೆ ಹೇಳಿದರು. ಒಬ್ಬರ ಮನೆಯಲ್ಲಿ ಆ ವರ್ಷ ತಂದೆ ಅಂಗಳಕ್ಕಿಳಿಯುವುದನ್ನೇ ಬಿಟ್ಟರು; ಅಕ್ಕನ ಮದುವೆ ಮುಂದಕ್ಕೆ ಹೋಯಿತು. ಇನ್ನೊಬ್ಬರ ಮನೆಯಲ್ಲಿ ತಾಯಿ ಮೊದಲ ಬಾರಿಗೆ, ಕೇಳುವವರಿಲ್ಲದೆ, ತನ್ನದೇ ಜಾಗದಲ್ಲಿ ಒಂದು ತೆಂಗಿನ ಸಸಿ ನೆಟ್ಟರು. ಇಬ್ಬರೂ ಸತ್ಯವನ್ನೇ ಹೇಳಿದರು. ಇಬ್ಬರ ಕಣ್ಣಲ್ಲೂ ನೀರು ಬಂತು. ಇವೆರಡನ್ನು ಕೂಡಿಸಿ ನಡುವಣ ಸತ್ಯವೊಂದನ್ನು ತಯಾರಿಸುವ ಗೋಜಿಗೆ ನಾವು ಹೋಗಲಿಲ್ಲ. ಒಂದರ ಪಕ್ಕದಲ್ಲಿ ಒಂದನ್ನಿಟ್ಟಿದ್ದೇವೆ. ಶಾಲೆಯು ಆ ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿತ್ತು; ಶಾಲೆಯ ಚರಿತ್ರೆಯೂ ಹಾಗೆಯೇ ಕೂರಿಸಬೇಕು.

ಯಾವ ಭಾಷೆಯಲ್ಲಿ ಬರೆಯುವುದು?

ನಮ್ಮದು ಕನ್ನಡ ಶಾಲೆ. ಆದರೆ ನಮ್ಮ ವಿದ್ಯಾರ್ಥಿಗಳ ಅಜ್ಜಿಯಂದಿರಲ್ಲಿ ಅನೇಕರು ಅಳುವುದು, ನಗುವುದು, ಬೈಯುವುದು ಬೇರೆ ಭಾಷೆಯಲ್ಲಿ. ತುಳುವಿನಲ್ಲಿ ಹೇಳಿದ್ದನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಬರೆದಾಗ ಘಟನೆ ಉಳಿದು ದನಿ ಹೋದದ್ದನ್ನು ನಾವು ಕಂಡೆವು. ಆದುದರಿಂದ ನಮ್ಮ ಸಲಹೆ ಇಷ್ಟು: ಹೇಳಿದ ಭಾಷೆಯಲ್ಲಿಯೇ, ಕನ್ನಡ ಲಿಪಿಯಲ್ಲಿ ಮೊದಲು ಬರೆದುಕೊಳ್ಳಿ, ತುಳುವಿಗೂ ಕೊಂಕಣಿಗೂ ಬ್ಯಾರಿಗೂ ಕನ್ನಡ ಲಿಪಿ ನಮ್ಮಲ್ಲಿ ಹೊಸತಲ್ಲ. ಆಮೇಲೆ ಕನ್ನಡಕ್ಕೆ ತನ್ನಿ.

ಇನ್ನೊಂದು ಕಷ್ಟವನ್ನೂ ಹೇಳಬೇಕು. ನಮ್ಮ ಹಿರಿಯ ವಿದ್ಯಾರ್ಥಿಗಳ ಮೊಮ್ಮಕ್ಕಳಲ್ಲಿ ಕನ್ನಡ ಅಕ್ಷರ ಓದಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಒಂದು ಮನೆಯಲ್ಲಿ ಅಜ್ಜ ಬರೆದಿಟ್ಟ ಮೂರು ಪುಸ್ತಕಗಳಷ್ಟು ದಿನಚರಿ ಇತ್ತು. ಆ ಮನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ. ಅದನ್ನು ರದ್ದಿಗೆ ಹಾಕದೆ ಇಟ್ಟುಕೊಂಡದ್ದಕ್ಕೆ ನಾವು ಕೈಮುಗಿದೆವು. ಈಗ ಆ ಮನೆಯ ಹುಡುಗಿಯೊಬ್ಬಳು ಅಕ್ಷರ ಕಲಿಯಲು ನಮ್ಮ ನಿವೃತ್ತ ಶಿಕ್ಷಕರೊಬ್ಬರ ಬಳಿಗೆ ವಾರಕ್ಕೆರಡು ಸಂಜೆ ಬರುತ್ತಾಳೆ. ಪರೀಕ್ಷೆಗಾಗಿ ಅವಳು ಕನ್ನಡ ಕಲಿಯುತ್ತಿಲ್ಲ. ಅಜ್ಜ ಏನು ಬರೆದಿದ್ದಾರೆಂದು ತಿಳಿಯಲಿಕ್ಕೆ ಕಲಿಯುತ್ತಿದ್ದಾಳೆ.

ಕೇಳುವವರ ಮರ್ಯಾದೆ

ನೆನಪನ್ನು ಕೇಳುವವರಿಗೂ ಕಟ್ಟುಪಾಡುಗಳಿವೆ. ಕೈಫೋನಿನಲ್ಲಿ ದನಿ ಹಿಡಿಯುವುದಾದರೆ ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಬರೆದುದನ್ನು ಅವರಿಗೆ ಓದಿ ಹೇಳಬೇಕು. ಬೇಡವೆಂದ ಮಾತನ್ನು ತೆಗೆದುಹಾಕಬೇಕು. ಬದುಕಿರುವ ಇನ್ನೊಬ್ಬರ ಮಾನಕ್ಕೆ ಕುಂದು ತರುವುದನ್ನು ಅಚ್ಚು ಮಾಡಬಾರದು. ಮೌನವನ್ನು ಪ್ರಶ್ನೆಯಿಂದ ತುಂಬಿಸಬಾರದು. ಆದರೆ ‘ಇನ್ನೊಮ್ಮೆ ಹೇಳುತ್ತೇನೆ’ ಎಂದರೆ, ಆ ಇನ್ನೊಮ್ಮೆಯನ್ನು ಮರುವಾರವೇ ಮಾಡಬೇಕು.

ದಾಖಲಾತಿ ಪುಸ್ತಕದಲ್ಲಿ ಇಲ್ಲದವರನ್ನೂ ಮರೆಯಬಾರದು. ಶಾಲೆಯ ಅಂಗಳ ಗುಡಿಸಿದವರು, ತಮ್ಮನನ್ನು ಶಾಲೆಗೆ ಬಿಟ್ಟು ದನ ಮೇಯಿಸಲು ಹೋದ ಅಕ್ಕಂದಿರು, ಜಗಲಿಯ ಹೊರಗೆ ನಿಂತು ಮಗ್ಗಿ ಕೇಳಿಸಿಕೊಂಡವರು. ಈ ಶಾಲೆ ಅವರದ್ದೂ ಹೌದು; ಕೆಲವರಿಗೆ ಅದು ದೊರೆಯದೆ ಹೋದ ಶಾಲೆ.

ಮನೆಯಲ್ಲಿ ಕೇಳಬಹುದಾದ ಕೆಲವು ಪ್ರಶ್ನೆಗಳು

1. ಮಳೆಗಾಲದಲ್ಲಿ ಶಾಲೆಗೆ ಯಾವ ದಾರಿಯಿಂದ, ಯಾರ ಜೊತೆ ಹೋಗುತ್ತಿದ್ದಿರಿ?
2. ಮೊದಲ ಅಕ್ಷರವನ್ನು ಯಾವುದರ ಮೇಲೆ ಬರೆದಿರಿ? ಹೊಯ್ಗೆಯ ಮೇಲೋ, ಅಕ್ಕಿಯ ಮೇಲೋ, ಸ್ಲೇಟಿನ ಮೇಲೋ?
3. ಮಧ್ಯಾಹ್ನ ಏನು ಉಣ್ಣುತ್ತಿದ್ದಿರಿ? ಉಣ್ಣಲು ಇಲ್ಲದ ದಿನ ಎಲ್ಲಿ ಹೋಗುತ್ತಿದ್ದಿರಿ?
4. ನಿಮಗೆ ಸಿಕ್ಕಿದ ಮೊದಲ ಕೂಲಿ ಅಥವಾ ಸಂಬಳ ಎಷ್ಟು? ಅದರಲ್ಲಿ ಏನು ಕೊಂಡಿರಿ?
5. 1956ರ ನವೆಂಬರಿನಲ್ಲಿ ಮನೆಯ ಹಿರಿಯರು ಏನು ಮಾತಾಡಿಕೊಂಡದ್ದು ನಿಮಗೆ ನೆನಪಿದೆ?
6. ಮಲಯಾಳದಲ್ಲಿ ಬಂದ ಮೊದಲ ಕಾಗದವನ್ನು ಯಾರಿಂದ ಓದಿಸಿದಿರಿ?
7. ಮನೆಯಿಂದ ದೂರ ಹೋದವರು ಯಾರು? ಅವರ ಕಾಗದ ಬಂದಾಗ ಯಾರು ಓದುತ್ತಿದ್ದರು?
8. ಶಾಲೆ ಬಿಟ್ಟ ದಿನ ಏನಾಯಿತು?

ಎಂಟೂ ಪ್ರಶ್ನೆಗಳನ್ನು ಒಂದೇ ದಿನ ಕೇಳಬೇಕಾಗಿಲ್ಲ. ಒಂದು ಸಂಜೆಗೆ ಒಂದು ಸಾಕು. ಉತ್ತರವನ್ನು ಅಂದೇ ರಾತ್ರಿ ಬರೆದಿಡಬೇಕು. ಬೆಳಗಾದರೆ ಅದು ಅವರ ಮಾತಾಗಿ ಉಳಿಯದೆ ನಮ್ಮ ಮಾತಾಗುತ್ತದೆ. ಒಂದು ಪುಟವಾದರೂ ಸರಿ, ಪ್ರತಿಯೊಂದನ್ನು ಶಾಲೆಯ ಗ್ರಂಥಾಲಯಕ್ಕೆ ತಲುಪಿಸಿದರೆ ಅಲ್ಲಿ ಅದಕ್ಕಾಗಿ ಒಂದು ಕಪಾಟನ್ನು ತೆಗೆದಿರಿಸಲಾಗಿದೆ. ದಾಖಲಾತಿ ಪುಸ್ತಕಗಳಿರುವ ಕಪಾಟಿನ ಪಕ್ಕದಲ್ಲೇ ಅದಿದೆ.

ಈ ಸಂಚಿಕೆಯ ಕೊನೆಯಲ್ಲಿ ನಾಲ್ಕು ಪುಟಗಳನ್ನು ಗೆರೆ ಹಾಕಿ ಖಾಲಿ ಬಿಟ್ಟಿದ್ದೇವೆ. ಅಚ್ಚಿನವರು ತಪ್ಪಿದರೆಂದು ಯಾರೂ ಭಾವಿಸಬಾರದು. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಇಂದು ಸಂಜೆ ಈ ಪುಸ್ತಕವನ್ನು ಅವರ ಮುಂದೆ ತೆರೆದು, ಶಾಲೆಯ ಭಾವಚಿತ್ರವಿರುವ ಪುಟವನ್ನು ತೋರಿಸಿ, ದಾರಿಯ ವಿಷಯ ಕೇಳಿ. ಮಳೆ ಬರುತ್ತಿದ್ದರೂ ಕೇಳಿ.